ಕಸಬಿನ ಕಾಲಮ್ಮು

೧೯೫೮ರ ನವೆಂಬರ್ ತಿಂಗಳ ಕೊನೆಯ ಗುರುವಾರ, ಬೆಳಗ್ಗೆ ಎಂಟೂಕಾಲು. ಸೊರಬದಿಂದ ಉಳವಿಗೆ ಹೋಗುವ ದಾರಿಯಲ್ಲಿರುವ ನಮ್ಮ ಊರು, ಶಾನುಭೋಗರ ಮನೆಯ ಜಗಲಿ. ಇದ್ದವರು ಮೂವರು: ಶಾನುಭೋಗರು, ನನ್ನ ದೊಡ್ಡಪ್ಪ, ನಾನು. ಎಂಟಕ್ಕೆ ಬರುತ್ತೇನೆಂದು ಹೇಳಿ ಕಳಿಸಿದ್ದೆ, ಎಂಟಕ್ಕೇ ಬಂದಿದ್ದೆ. ಶಾನುಭೋಗರ ಸ್ನಾನ ಮುಗಿಯುವುದನ್ನು ಕಾಯುತ್ತ ಹದಿನೈದು ನಿಮಿಷ ಹಾಳಾಯಿತು.

ನಾನು ಏಳು ವರ್ಷ ಸೊಲ್ಲಾಪುರದಲ್ಲಿ ಹಲ್ಲಿನ ಡಾಕ್ಟರಾಗಿದ್ದವನು. ಅದು ಮುಂಬಯಿ ರಾಜ್ಯ. ಅಲ್ಲಿಯ ದಂತವೈದ್ಯರ ದಾಖಲೆಯಲ್ಲಿ ನನ್ನ ಹೆಸರಿತ್ತು. ಆ ವರ್ಷ ಜುಲೈಯಲ್ಲಿ ಶಿಕಾರಿಪುರಕ್ಕೆ ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಕೋಣೆ ಹಿಡಿದೆ, ಕುರ್ಚಿ ಕೂಡಿಸಿದೆ, ಇಕ್ಕಳಗಳನ್ನು ಸಾಲಾಗಿ ಜೋಡಿಸಿದೆ. ಆದರೆ ಹೆಸರು ಮೈಸೂರು ರಾಜ್ಯದ ದಾಖಲೆಗೆ ವರ್ಗವಾಗುವ ತನಕ ಯಾರ ಬಾಯಿಗೂ ಕೈ ಹಾಕುವಂತಿರಲಿಲ್ಲ. ಕೆನ್ನೆ ಊದಿಸಿಕೊಂಡು ಬಂದವರನ್ನು ಬಾಗಿಲಿನಿಂದಲೇ ಶಿವಮೊಗ್ಗಕ್ಕೆ ಕಳಿಸುತ್ತಿದ್ದೆ. ಸಂತೆಯ ದಿನ ನನ್ನ ಕಿಟಕಿಯ ಎದುರಿಗೇ ಒಬ್ಬ ಗೋಣಿಚೀಲ ಹಾಸಿಕೊಂಡು ಕೂತು, ಗಂಟೆಗೆ ನಾಲ್ಕು ಹಲ್ಲು ಕೀಳುತ್ತಿದ್ದ. ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ನಾನು ಒಳಗೆ ಕೂತು ಕುದಿಸಿದ ಇಕ್ಕಳಗಳನ್ನೇ ಮತ್ತೆ ಕುದಿಸುತ್ತಿದ್ದೆ.

ಮುಂಬಯಿಯವರು ತಮ್ಮ ಒಪ್ಪಿಗೆ ಪತ್ರವನ್ನು ತಡಮಾಡದೆ ಕಳಿಸಿದ್ದರು. ಅದರ ಅವಧಿ ನವೆಂಬರ್ ಕೊನೆಯವರೆಗೆ ಮಾತ್ರ. ಅದರ ಜೊತೆಗೆ, ನಾನು ಈ ರಾಜ್ಯದ ನಿವಾಸಿ, ನನ್ನ ಕಸಬು ದಂತವೈದ್ಯ ಎಂದು ಊರಿನ ಶಾನುಭೋಗರು ಬರೆದು, ತಾಲ್ಲೂಕಿನ ಅಮಲ್ದಾರರು ರುಜು ಹಾಕಿದ ಕಾಗದ ಬೆಂಗಳೂರು ತಲುಪಬೇಕಿತ್ತು. ಸೆಪ್ಟೆಂಬರಿನಲ್ಲೇ ಒಂದು ಕಾಗದ ಕಳಿಸಿದ್ದೆ. ಅದು ತಿರುಗಿ ಬಂತು. ಶಾನುಭೋಗರು ಕಸಬಿನ ಕಾಲಮ್ಮಿನಲ್ಲಿ ದುಂಡಗೆ ‘ಜಿರಾಯತಿ’ ಎಂದು ಬರೆದಿದ್ದರು. ಜಮೀನಿನ ಖಾತೆಯಲ್ಲಿ ನನ್ನ ಹಾಗೆ ಹೆಸರಿದ್ದವರೆಲ್ಲ ಅವರಿಗೆ ರೈತರೇ. ರೈತನ ಹೆಸರನ್ನು ದಂತವೈದ್ಯರ ದಾಖಲೆಗೆ ಸೇರಿಸಲಾಗುವುದಿಲ್ಲ ಎಂದು ಬೆಂಗಳೂರಿನವರು ಬರೆದರು. ತಪ್ಪು ಅವರದಲ್ಲ. ಆ ಉತ್ತರ ನನ್ನ ಕೈಸೇರಿದ್ದು ಹಿಂದಿನ ಸೋಮವಾರ. ಹೊಸ ಕಾಗದ ಶನಿವಾರದೊಳಗೆ ಬೆಂಗಳೂರಿನಲ್ಲಿ ಇಲ್ಲವಾದರೆ ಮುಂಬಯಿಯಿಂದ ಎಲ್ಲವನ್ನೂ ಮೊದಲಿಂದ ಶುರುಮಾಡಬೇಕು, ಇನ್ನೊಂದು ಅರ್ಧ ವರ್ಷ ಸುಮ್ಮನೆ ಕೂರಬೇಕು.

ಇದನ್ನೆಲ್ಲ ಶಾನುಭೋಗರಿಗೆ ಕ್ರಮವಾಗಿ ವಿವರಿಸಿದೆ. ಅವರು ಕನ್ನಡಕ ಒರೆಸಿಕೊಂಡರು.

“ನಾನು ಕಂಡದ್ದು ಬರೆಯವನು ಡಾಕ್ಟ್ರೇ. ಗದ್ದೇಲಿ ಭತ್ತ ಕಂಡ್ರೆ ಭತ್ತ, ಕಬ್ಬು ಕಂಡ್ರೆ ಕಬ್ಬು. ನೀವು ಹಲ್ಲು ಕಿತ್ತದ್ದು ಈ ಊರಲ್ಲಿ ಯಾರು ಕಂಡಿದಾರೆ?”

ನೋಂದಣಿಯಿಲ್ಲದೆ ಕೀಳುವಂತಿಲ್ಲ, ಕೀಳಬೇಕಾದರೆ ಈ ಕಾಗದ ಬೇಕು ಎಂದೆ.

“ಹಂಗಾದ್ರೆ ನಂಗೂ ಬರೆಯಕ್ಕೆ ಆಗಲ್ಲ ನೋಡ್ರಿ,” ಎಂದು ಅವರು ದಫ್ತರ ಕಟ್ಟತೊಡಗಿದರು. ಅದು ಪಹಣಿ ಬರೆಯುವ ಕಾಲ, ಅವರಿಗೆ ಗದ್ದೆಗಳ ಕಡೆ ಹೊರಡುವ ಅವಸರ. ಮುಂಬಯಿಯ ಸರ್ಟಿಫಿಕೇಟು ಮುಂದಿಟ್ಟೆ. ಅದು ಇಂಗ್ಲಿಷಿನಲ್ಲಿತ್ತು, ಅವರು ತಿರುಗಿಸಿ ನೋಡಿ ವಾಪಸು ಕೊಟ್ಟರು. ಒಂಬತ್ತು ಗಂಟೆಯಾಯಿತು. ನನಗೆ ಕೂಗಾಡುವ ಅಭ್ಯಾಸವಿಲ್ಲ. ಕೈ ಹಿಂದೆ ಕಟ್ಟಿಕೊಂಡು ಜಗಲಿಯ ಉದ್ದಕ್ಕೆ ಎರಡು ಸಲ ನಡೆದೆ. ಆಗ ಎಲೆ ಅಡಿಕೆ ಜಗಿಯುತ್ತಿದ್ದ ದೊಡ್ಡಪ್ಪನ ಮೇಲೆ ಕಣ್ಣು ಬಿತ್ತು. ಅವರ ಬಾಯಿಯಲ್ಲಿದ್ದ ಎರಡು ಸಾಲೂ ನಾನು ಸೊಲ್ಲಾಪುರದಲ್ಲಿ ಕಟ್ಟಿಕೊಟ್ಟ ಹಲ್ಲುಗಳು.

“ಬೆಳೆ ಕಂಡರೆ ಬರೆಯುತ್ತೀರಲ್ಲ, ಇದನ್ನು ನೋಡಿ,” ಎಂದೆ.

ಶಾನುಭೋಗರು ಬಗ್ಗಿ ನೋಡಿದರು. ಅವರ ಮುಖದಲ್ಲಿ ಮೊದಲ ಸಲ ಆಸಕ್ತಿ ಕಂಡಿತು. ಆದರೆ ಇದು ಜಮೀನಲ್ಲ, ಬರೇ ಪಹಣಿಯ ಹಾಗೆ ಬರೆಯಲಾಗದು, ಮಹಜರು ಆಗಬೇಕು, ಅದಕ್ಕೆ ಸಾಕ್ಷಿಯಾಗಿ ಇಬ್ಬರು ಪಂಚರು ಬೇಕು ಎಂದರು. ಪಂಚರನ್ನು ಹುಡುಕಿ ತರುವಾಗ ಹತ್ತೂವರೆ. ಒಬ್ಬರು ಪಕ್ಕದ ಗದ್ದೆಯವರು, ಇನ್ನೊಬ್ಬರು ಕುರಿ ಸಾಕುವವರು. ಎಲ್ಲರೂ ಸುತ್ತ ನಿಂತ ಮೇಲೆ, ಹಲ್ಲುಗಳನ್ನು ಹೊರಗೆ ತೆಗೆಯಬೇಕೆಂದು ಶಾನುಭೋಗರು ಹೇಳಿದರು. ದೊಡ್ಡಪ್ಪ ಒಪ್ಪಲಿಲ್ಲ.

“ನನ್ನ ಬಾಯಿ ಎಂತ ನಿಮ್ಮ ಸರ್ವೆ ನಂಬರೇನ್ರಿ?”

ನಾನು ಕೈ ಮುಗಿದೆ. ಅವರು ಗೊಣಗುತ್ತ ಒಳಗೆ ಹೋಗಿ ಬಾಯಿ ಮುಕ್ಕಳಿಸಿ ಬಂದು, ಎರಡನ್ನೂ ತೆಗೆದು ಹಿತ್ತಾಳೆ ತಟ್ಟೆಯಲ್ಲಿಟ್ಟು, ಬಾಯಿಗೆ ಶಲ್ಯ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಕೂತರು. ಶಾನುಭೋಗರು ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೂ ಎಣಿಸಿದರು. ಕುರಿಯವರು ತಟ್ಟೆಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದರು.

“ಕುರಿ ಕೊಳ್ಳಬೇಕಾರೆ ನಾವೂ ಹಲ್ಲೇ ನೋಡದು. ಇದನ್ನ ನೋಡಿದ್ರೆ ಯಜಮಾನ್ರಿಗೆ ಇನ್ನೂ ಇಪ್ಪತ್ತು ತುಂಬಿಲ್ಲ.”

ದೊಡ್ಡಪ್ಪನ ಬೆನ್ನು ಅಲುಗಿತು. ನಕ್ಕರೋ ಬೈದರೋ ತಿಳಿಯಲಿಲ್ಲ. ಹಲ್ಲಿಲ್ಲದ ಬಾಯಿಯ ಮಾತು ಹೊರಗೆ ಬರಲಿಲ್ಲ. ಅವರಿಗೆ ಊರಿನವರೆದುರು ಹಾಗೆ ಕೂರುವುದು ಎಷ್ಟು ಕಷ್ಟವಾಗಿತ್ತೆಂದು ನನಗೆ ಗೊತ್ತಿತ್ತು. ಆದರೂ ನಾನು ಗಡಿಯಾರ ನೋಡುತ್ತಿದ್ದೆ.

ಹನ್ನೊಂದೂ ಐವತ್ತಕ್ಕೆ ಕಾಗದ ಸಿದ್ಧವಾಯಿತು. ಓದಿದೆ. ಕಸಬು: ‘ಜಿರಾಯತಿ ಮತ್ತು ದಂತವೈದ್ಯ.’ ಮೊದಲನೆಯದನ್ನು ಹೊಡೆದುಹಾಕಿ ಎಂದು ಬೇಡಿಕೊಂಡೆ. ಖಾತೆ ಇರುವವರೆಗೆ ಅದನ್ನು ತೆಗೆಯುವ ಅಧಿಕಾರ ತಮಗಿಲ್ಲ ಎಂದರು. ವಾದಿಸಲು ಹೊತ್ತಿರಲಿಲ್ಲ. ಹನ್ನೆರಡೂಕಾಲಿನ ಬಸ್ಸು ಒಂದು ಗಂಟೆಗೆ ಬಂತು, ದಾರಿಯಲ್ಲಿ ಎರಡು ಸಲ ನೀರು ಹಾಕಿಸಿಕೊಂಡು ಸೊರಬ ಮುಟ್ಟಿತು.

ಅಮಲ್ದಾರರು ಊಟ ಮುಗಿಸಿ ಬಂದದ್ದು ಮೂರಕ್ಕೆ. ರಿಜಿಸ್ಟರ್ ಟಪಾಲು ನಾಲ್ಕಕ್ಕೆ ಮುಚ್ಚುತ್ತದೆ. ನನ್ನ ಮುಂದೆ ಐದು ಜನರಿದ್ದರು. ಮೂರೂ ಮೂವತ್ತೈದಕ್ಕೆ ಒಳಗೆ ಕರೆದರು. ಅವರು ಮಹಜರನ್ನು ಒಂದು ಸಲ ಓದಿ, ಮತ್ತೊಂದು ಸಲ ಓದಿ, ತಲೆಯೆತ್ತಿದರು.

“ಎರಡು ಕಸಬು ಬರೆದಿದ್ದಾರೆ. ನೀವು ಯಾವುದು?”

“ದಂತವೈದ್ಯ. ಹದಿನಾರು ವರ್ಷದಿಂದ ನೇಗಿಲು ಮುಟ್ಟಿಲ್ಲ.”

“ಹಲ್ಲು ಮುಟ್ಟಿ ಎಷ್ಟು ದಿನವಾಯಿತು?”

“ನಾಲ್ಕು ತಿಂಗಳು. ಈ ಕಾಗದವಿಲ್ಲದೆ ಮುಟ್ಟುವಂತಿಲ್ಲ, ಸ್ವಾಮಿ.”

ನನ್ನ ದನಿ ಏರಿತ್ತು. ಅವರು ಕೆಂಪು ಮಸಿಯಲ್ಲಿ ‘ಜಿರಾಯತಿ’ಯ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಚಿಕ್ಕ ರುಜು, ಕೆಳಗೆ ದೊಡ್ಡ ರುಜು ಹಾಕಿದರು. ಆ ಗೀಟಿನ ಬಲದಿಂದಲೇ ಜನವರಿಯಲ್ಲಿ ನನ್ನ ಹೆಸರು ವರ್ಗವಾಯಿತು. ಆ ಗಳಿಗೆಯಲ್ಲಿ ಅದು ಗೊತ್ತಿರಲಿಲ್ಲ. ತಿದ್ದಿದ ಕಾಗದವನ್ನೂ ಹಿಂದಕ್ಕೆ ಕಳಿಸುತ್ತಾರೆಂದೇ ಅಂಜಿದ್ದೆ.

ಅಂಚೆ ಕಚೇರಿಗೆ ಹೆಚ್ಚುಕಡಿಮೆ ಓಡಿದೆ. ಮೂರೂ ಐವತ್ತೆರಡು. ಲಕೋಟೆ ಅಂಟಿಸಿ, ವಿಳಾಸ ಬರೆದು, ರಶೀದಿ ತೆಗೆದುಕೊಂಡೆ. ಪೋಸ್ಟ್‌ಮಾಸ್ತರರು ಅದನ್ನು ಚೀಲಕ್ಕೆ ಹಾಕಿ, ಇನ್ನೂ ಏಕೆ ನಿಂತಿದ್ದೀರಿ ಎಂದು ಕೇಳಿದರು. ಅವರು ಚೀಲದ ಬಾಯಿ ಕಟ್ಟಿ, ಗಂಟಿನ ಮೇಲೆ ಅರಗು ಹಾಕಿ, ಮುದ್ರೆ ಒತ್ತುವುದನ್ನು ಕಣ್ಣಾರೆ ನೋಡಿಕೊಂಡು ಹೊರಗೆ ಬಂದೆ.