ಬಾಯಿ ಮುಚ್ಚಿ ಓದುವ ಊರು

ಹಾಸನದಲ್ಲಿ ಜನ ಬಾಯಿ ಮುಚ್ಚಿಕೊಂಡು ಕಾದಂಬರಿ ಓದುತ್ತಾರೆ. ಕಾಲೇಜು ಸೇರಿದ ಮೊದಲ ವಾರ ವಾಚನಾಲಯಕ್ಕೆ ಹೋದಾಗ ಹತ್ತಾರು ಜನ ಪುಸ್ತಕ ಹಿಡಿದು ಕೂತಿದ್ದರು, ಒಬ್ಬರ ತುಟಿಯೂ ಅಲುಗುತ್ತಿರಲಿಲ್ಲ. ಯಾರೋ ದೊಡ್ಡವರು ತೀರಿಕೊಂಡಿರಬೇಕು ಅಂದುಕೊಂಡೆ. ನಾನೂ ಒಂದು ಪುಸ್ತಕ ತೆಗೆದು, ನಮ್ಮೂರಿನ ರೂಢಿಯಂತೆ ಗಟ್ಟಿಯಾಗಿ ಓದತೊಡಗಿದೆ. ಎರಡು ಸಾಲು ಮುಗಿಯುವುದರೊಳಗೆ ಅಟೆಂಡರು ಬಂದು ಹೊರಗೆ ಕಳಿಸಿದ.

ನನ್ನೂರಾದ ಕೊಣನೂರಿನವರು ಇದನ್ನು ಓದಿದರೆ ನಗುತ್ತಾರೆ. ಐವತ್ತರ ದಶಕದ ಕೊನೆಯ ಆ ದಿನಗಳಲ್ಲಿ ನಮ್ಮಲ್ಲಿ ಪುಸ್ತಕವೆಂದರೆ ಒಬ್ಬ ಓದುವುದು, ಉಳಿದವರು ಕೇಳುವುದು. ಅವರೆಕಾಯಿ ಕಾಲದ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಅತ್ತಿಗೆ ಗೌರಮ್ಮ ಮತ್ತು ಅಕ್ಕಪಕ್ಕದ ಹೆಂಗಸರು ಕಾಯಿ ಸುಲಿಯುತ್ತ ಕೂತರೆ ನಾನು ಪತ್ತೇದಾರಿ ಕಾದಂಬರಿ ಓದುತ್ತಿದ್ದೆ. ಕಥೆಯಲ್ಲಿ ಕತ್ತಲ ಮನೆಯ ಬಾಗಿಲನ್ನು ಯಾರೋ ತಟ್ಟಿದರೆ ಇಲ್ಲಿ ಎಲ್ಲರ ಕೈ ನಿಂತುಬಿಡುತ್ತಿತ್ತು. ಅತ್ತಿಗೆಗೆ ಅಕ್ಷರ ಬಾರದು, ಆದರೆ ಕೊಲೆಗಾರ ಯಾರೆಂದು ನನಗಿಂತ ಮೊದಲೇ ಹೇಳಿಬಿಡುತ್ತಿದ್ದರು. ಕೊಡಗಿನ ಕಾಫಿ ತೋಟಕ್ಕೆ ಮೇಸ್ತ್ರಿಯಾಗಿ ಹೋದ ಅಣ್ಣ ಎರಡು ವರ್ಷದಿಂದ ಒಂದು ಕಾಗದವನ್ನೂ ಹಾಕಿರಲಿಲ್ಲ. ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ. ಅತ್ತಿಗೆ ಮನಸಾರೆ ನಗುತ್ತಿದ್ದುದು ಆ ಓದಿನ ಹೊತ್ತಿನಲ್ಲಿ ಮಾತ್ರ.

ಹಾಸನದಲ್ಲಿ ಚನ್ನರಾಯಪಟ್ಟಣದ ಗೆಳೆಯನೊಬ್ಬನ ಜೊತೆ ಬಾಡಿಗೆ ಕೋಣೆಯಲ್ಲಿದ್ದೆ. ಅವನು ತಾನು ಮಾಡಿದ ಎಲ್ಲ ಅಡುಗೆಗೂ ಊರಿನ ಕೊಬ್ಬರಿ ತುರಿದು ಹಾಕುತ್ತಿದ್ದ. ಸೊಪ್ಪಿನ ಸಾರು, ಮುದ್ದೆ ನೆನೆದು ನನಗೆ ಕಣ್ಣೀರು ಬಂದದ್ದೂ ಉಂಟು. 'ಓಗು' ಅನ್ನುತ್ತಿದ್ದ ನಾಲಗೆಗೆ 'ಹೋಗು' ಅನ್ನುವುದನ್ನು ಕಲಿಸಿದೆ. ಆದರೆ ಕನ್ನಡದ ಮೇಷ್ಟರ ಮುಂದೆ ನನ್ನ ಮೆಚ್ಚಿನ ಪುಸ್ತಕಗಳ ಹೆಸರು ಹೇಳಿದಾಗ ಇಡೀ ತರಗತಿ ನಕ್ಕಿತು. ಪತ್ತೇದಾರಿ ಓದುವುದು ಕಡಲೆಪುರಿ ತಿಂದು ಊಟವಾಯಿತು ಅನ್ನುವ ಹಾಗೆ ಎಂದರು ಮೇಷ್ಟರು.

ಮೈ ಉರಿದುಹೋಯಿತು. ಆದರೂ ಅವರು ಕೊಟ್ಟ ಕಾದಂಬರಿಗಳನ್ನು ಹಟದಿಂದಲೇ ಓದಿದೆ. ಅವುಗಳಲ್ಲಿ ಕೊಲೆಯಿಲ್ಲ, ಗುಟ್ಟಿಲ್ಲ, ಎಷ್ಟೋ ಸಲ ಕೊನೆಯೂ ಇಲ್ಲ. ಓದಿ ಮುಗಿಸಿದ ಮೇಲೆ ಮಾತ್ರ, ನಾನು ದಿನಾ ಕಂಡ ಜನರನ್ನೇ ಸರಿಯಾಗಿ ನೋಡಿರಲಿಲ್ಲ ಅನ್ನಿಸುತ್ತಿತ್ತು. ಮೊದಲು ಅನ್ನಿಸಿದ್ದು ಅತ್ತಿಗೆಯ ವಿಷಯದಲ್ಲಿ.

ಹಾಗಾಗಿ ಅವರನ್ನೇ ಕುರಿತು ಕಥೆ ಬರೆದೆ. ಒಬ್ಬ ಹೆಂಗಸು ಅವರೆಕಾಯಿ ಸುಲಿಯುತ್ತ ಜಗಲಿಯಲ್ಲಿ ಕೂತಿರುತ್ತಾಳೆ, ಬಸ್ಸು ಬಂದ ಸದ್ದಾಗುತ್ತದೆ, ಅವಳು ತಲೆ ಎತ್ತುತ್ತಾಳೆ. ಅಷ್ಟೆ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಯಿತು. ಗಂಡ ಬಂದನೋ ಇಲ್ಲವೋ ಎಂದು ಹೇಳದೆ ಬಿಟ್ಟದ್ದೇ ಸಾಹಿತ್ಯ ಎಂದು ಮೇಷ್ಟರು ಬೆನ್ನು ತಟ್ಟಿದರು. ಹಾಸನ ನನ್ನ ಊರಾಯಿತು ಅನ್ನಿಸಿದ್ದು ಆವತ್ತು.

ಸಂಕ್ರಾಂತಿ ರಜೆಗೆ ಊರಿಗೆ ಬಂದವನು ಅದನ್ನು ಜಗಲಿಯಲ್ಲಿ ಓದಿದೆ. ಅತ್ತಿಗೆ ಮೆಚ್ಚಬೇಕೆಂಬ ಆಸೆ ಮೇಷ್ಟರ ಮೆಚ್ಚುಗೆಗಿಂತಲೂ ದೊಡ್ಡದಾಗಿತ್ತು. ಅರ್ಧಕ್ಕೇ ನೆರೆಯವರು ಕೆಲಸದ ನೆಪ ಹೇಳಿ ಎದ್ದರು. ಅತ್ತಿಗೆ ಕೊನೆಯವರೆಗೂ ಕೂತಿದ್ದು, ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದರು.

"ಆವಯ್ಯ ಬಂದ್ನೋ ಇಲ್ವೋ ಅಂತ ಯಾಕ್ ಬರೀಲಿಲ್ಲ?" ಎಂದರು. "ಬರ್ದಿದ್ರೆ ನಿನ್ ಗಂಟೇನ್ ಓಗ್ತಿತ್ತಪ್ಪ?"

ನನಗೆ ನಾಚಿಕೆಯಾಯಿತು. ಅವರ ಇಷ್ಟು ವರ್ಷದ ಸಂಕಟವನ್ನು ಮಾರಿ ನಾನು ಚಪ್ಪಾಳೆ ಗಳಿಸಿದ್ದೆ. ಇನ್ನೂ ಇದೆ, ಓದುತ್ತೇನೆ ಎಂದೆ. ಕೆಳಗೆ ನನ್ನ ಹೆಸರು, ತರಗತಿ ಬಿಟ್ಟರೆ ಪುಟ ಖಾಲಿ. ಬಸ್ಸು ನಿಂತಿತು, ಟ್ರಂಕು ಹಿಡಿದು ಒಬ್ಬ ಇಳಿದ, ಬಿರಬಿರನೆ ಮನೆಯ ಕಡೆ ಬಂದ ಎಂದು ಓದಿದೆ. ಖಾಲಿ ಪುಟ ಅತ್ತಿಗೆಗೂ ಕಾಣುತ್ತಿತ್ತು. ಅವರು ಮತ್ತೆ ಕಾಯಿ ಕೈಗೆತ್ತಿಕೊಂಡರು.

"ಅವ್ಸರ ಮಾಡ್ಬ್ಯಾಡ. ಇಷ್ಟ್ ದಿನ ಎಲ್ಲಿದ್ದ ಅಂತ್ಲೂ ಓದು."

ಮೊರ ತುಂಬುವವರೆಗೂ ಓದಿದೆ.

ಮೇಷ್ಟರಿಗೆ ಇದನ್ನು ಹೇಳುವ ಧೈರ್ಯ ನನಗೆ ಬರಲೇ ಇಲ್ಲ. ಮುಂದೆ ಆ ಕಥೆ ಇನ್ನೊಮ್ಮೆ ಅಚ್ಚಾದಾಗಲೂ ಅವರು ಮೆಚ್ಚಿದಲ್ಲಿಗೇ ನಿಲ್ಲಿಸಿದೆ. ಅಣ್ಣ ಬಸ್ಸಿನಿಂದ ಇಳಿಯುವುದು ಕೊಣನೂರಿನಲ್ಲಿ ಮಾತ್ರ, ಅದೂ ನಾನು ರಜೆಗೆ ಹೋಗಿ ಜಗಲಿಯಲ್ಲಿ ಓದುವಾಗ.