ಹಾಸು ಹಿಡಿದವನಿಗೆ ಒಂದು ತಾಸು ಆಟ

ಶನಿವಾರ ಕಚೇರಿ ಅರ್ಧ ದಿನ. ಮಧ್ಯಾಹ್ನ ಎರಡರ ಬಸ್ಸಿಗೆ ಜಮಖಂಡಿ ಬಿಟ್ಟಾಗ ನನ್ನ ಚೀಲದಲ್ಲಿ ಒಂದು ಜೊತೆ ಬಟ್ಟೆ, ಎರಡು ಬಾಲ್ ಬ್ಯಾಡ್ಮಿಂಟನ್ ಬ್ಯಾಟು, ಮೂರು ಹಳದಿ ಉಣ್ಣೆಯ ಚೆಂಡು ಇದ್ದವು. ಧಾರವಾಡದಿಂದ ಮಾಮಲೇದಾರ ಕಚೇರಿಯ ಕಾರಕೂನನಾಗಿ ಬಂದು ಎರಡು ತಿಂಗಳಾಗಿತ್ತು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸತು ಅದು. ಊರು ಛಲೋ, ನೀರು ಛಲೋ, ಮನೆಯ ಮಾಲಕರೂ ಛಲೋ. ಆದರೆ ಧಾರವಾಡದಲ್ಲಿ ದಿನಾ ಸಂಜೆ ಐವರು ಕೂಡಿ ಆಡುತ್ತಿದ್ದ ಆಟ ಇಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಸಂಸ್ಥಾನದ ಕಾಲದ ಟೆನಿಸ್ ಅಂಗಳವೊಂದಿತ್ತು, ಅದಕ್ಕೆ ಬೀಗ. ಕೀಲಿ ಯಾರ ಹತ್ತಿರ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರತ್ತ ಬೆರಳು ಮಾಡುತ್ತಿದ್ದರು. ನಾನು ಹಿತ್ತಲಗೋಡೆಗೆ ಚೆಂಡು ಹೊಡೆಯುತ್ತ ಸಂಜೆ ಕಳೆಯುತ್ತಿದ್ದೆ. ಗೋಡೆಯ ಜೊತೆ ಆಡಿ ಗೆದ್ದವರಿಲ್ಲ.

ಇಲ್ಲೇ ಕಾಯಂ ಆಗುವೆನೋ, ಧಾರವಾಡಕ್ಕೆ ಮರಳುವೆನೋ ಎಂದು ಸೋಮವಾರ ಸಾಹೇಬರಿಗೆ ಹೇಳಬೇಕಿತ್ತು. ನಾನು ಮರಳುವ ಮನಸ್ಸು ಮಾಡಿದ್ದೆ. ಹೆಂಡತಿ ಶಾಂತಾ ಒಪ್ಪಲಿಲ್ಲ.

“ನನಗ ಬಾವಿಕಟ್ಟಿ ಮ್ಯಾಲೆ ಎಂಟ ದಿನದಾಗ ಗೆಳತ್ಯಾರು ಸಿಕ್ಕರು. ನಿಮಗ ಎರಡು ತಿಂಗಳಾದ್ರೂ ಒಬ್ಬರು ಸಿಗವಲ್ರು. ತಪ್ಪು ಊರಿಂದೋ, ನಿಮ್ಮದೋ? ಎರಡು ದಿನ ತಿರಗ್ಯಾಡಿ ಬರ್ರಿ. ನಾಲ್ಕು ಮಂದಿ ಸಿಕ್ಕರ ಇಲ್ಲೇ ಇರೂಣು. ಸಿಗಲಿಲ್ಲಂದ್ರ ನಾನ ಗಂಟು ಕಟ್ಟತೀನಿ,” ಅಂದಳು.

ಬೀಳಗಿಯ ಕಡೆಯವನಾದ ನಮ್ಮ ಕಚೇರಿಯ ಸಿಪಾಯಿಯನ್ನು ಮೊದಲೇ ವಿಚಾರಿಸಿದ್ದೆ. ಅಲ್ಲಿ ಹುತುತು ಎಂಬ ಕಬಡ್ಡಿ ಉಂಟು, ಹೊಳೆಯಲ್ಲಿ ಈಜು ಉಂಟು, ಬ್ಯಾಟು ಮಾತ್ರ ಕಂಡಿಲ್ಲ ಎಂದಿದ್ದ. ಆದ್ದರಿಂದ ಬೀಳಗಿ ಬಿಟ್ಟು ಮುಧೋಳದ ದಾರಿ ಹಿಡಿದೆ. ಹದಿನೈದು ಹದಿನಾರು ಮೈಲು. ಒಂದೂವರೆ ತಾಸು, ಪೂರ್ತಿ ಧೂಳು. ಎರಡೂ ಕಡೆ ಜೋಳ ಹಾಲುಗಾಳು ಕಟ್ಟಿತ್ತು. ಬಸ್ಸು ನಿಂತಲ್ಲೆಲ್ಲ ಎಳೆಯ ತೆನೆ ಸುಟ್ಟು ಸೀತನಿ ಮಾಡುವ ವಾಸನೆ ಬರುತ್ತಿತ್ತು.

ಮುಧೋಳದಲ್ಲಿ ಆಟ ಎಂದು ಕೇಳಿದವನನ್ನು ಯಾರಾದರೂ ಗರಡಿಮನೆಗೇ ಕಳಿಸುತ್ತಾರೆ. ಅಲ್ಲಿಯ ವಸ್ತಾದರು ಅರವತ್ತು ದಾಟಿದವರು. ಕತ್ತು, ತಲೆ ಎರಡೂ ಒಂದೇ ದಪ್ಪ. ನನ್ನ ಬ್ಯಾಟನ್ನು ತಿರುಗಿಸಿ ನೋಡಿ, ಹೆಬ್ಬೆರಳಿನಿಂದ ಅದರ ತಂತಿ ಒತ್ತಿದರು.

“ಈ ಆಟದಾಗ ಒಬ್ಬರಿಗೊಬ್ಬರು ಮೈ ಮುಟ್ಟೂದ ಇಲ್ಲೇನ್ರಿ?”

“ಇಲ್ಲರಿ. ನಡುವ ಜಾಳಿಗಿ ಇರತೈತಿ.”

“ಮತ್ತ ಗೆದ್ದದ್ದು ಹೆಂಗ ಗೊತ್ತಾಗತೈತಿ?”

ನಾನು ಬ್ಯಾಟನ್ನು ಚೀಲಕ್ಕೆ ಹಾಕಿಕೊಂಡೆ. ಅವರು ಬಾದಾಮಿ ಹಾಲು ಕುಡಿಸಿ ನನ್ನ ತೋಳು ಹಿಚುಕಿ, “ಇಲ್ಲೇ ಇದ್ದುಬಿಡ್ರಿ, ಆರು ತಿಂಗಳದಾಗ ಮನಿಶ್ಯಾನ್ನ ಮಾಡತೀನಿ,” ಎಂದರು. ಧರ್ಮಶಾಲೆಯಲ್ಲಿ ಮಲಗುವ ಹೊತ್ತಿಗೂ ತೋಳು ನೋಯುತ್ತಿತ್ತು.

ರವಿವಾರ ಬೆಳಗಿನ ಮೊದಲ ಬಸ್ಸಿಗೆ ಮಹಾಲಿಂಗಪುರದ ಮೇಲೆ ಹಾದು ಬನಹಟ್ಟಿಗೆ ಬಂದೆ. ಚಳಿ ಕಡಿಯುತ್ತಿತ್ತು. ಚಹದಂಗಡಿ ಹುಡುಕುತ್ತ ನೇಕಾರರ ಓಣಿ ಹೊಕ್ಕೆ. ಓಣಿಯ ಉದ್ದಕ್ಕೂ ಗೂಟಗಳ ನಡುವೆ, ಸೊಂಟದೆತ್ತರಕ್ಕೆ, ಸೀರೆಯ ಹಾಸುನೂಲು ಬಿಗಿದಿದ್ದರು. ಎರಡೂ ಬದಿಗೆ ಸಾಲಾಗಿ ನಿಂತವರು ಗಂಜಿ ಹಚ್ಚಿ ತೀಡುತ್ತಿದ್ದರು. ಚಹದಂಗಡಿ ಆಚೆ ಬದಿಗಿತ್ತು. ಸುತ್ತಿ ಹೋಗುವ ಬದಲು ನಾನು ಬಗ್ಗಿ ನೂಲಿನ ಕೆಳಗೆ ನುಸುಳಿದೆ. ಚೀಲದಿಂದ ಹೊರಗೆ ಚಾಚಿದ್ದ ಬ್ಯಾಟಿನ ಹಿಡಿಕೆ ಸಿಕ್ಕಿಕೊಂಡು ಹತ್ತಾರು ಎಳೆ ಹರಿದವು.

ಓಣಿಯೇ ಕೂಗಿಕೊಂಡಿತು. ಆ ಹಾಸಿನ ಮನೆಯ ಹಿರಿಯ ಈರಪ್ಪ ಎಂಬವರು ಗಂಜಿಗೈಯಲ್ಲೇ ಬಂದರು.

“ಹಾಸಿನ ಕೆಳಗ ನುಸಳತಾರೇನ್ರಿ? ಯಾವೂರು ನಿಮ್ಮದು?”

“ಧಾರವಾಡ್ರಿ.”

“ಧಾರವಾಡದಾಗ ಮಂದಿ ಅರಿವಿ ಉಡಂಗಿಲ್ಲೇನು?”

ಎಳೆ ಹರಿದವನು ಗಂಜಿ ಒಣಗಿ ಹಾಸು ಏಳುವ ತನಕ ಹೋಗುವಂತಿಲ್ಲ. ಅದು ಆ ಓಣಿಯ ರೀತಿ. ನನ್ನನ್ನು ತುದಿಯ ಕೋಲು ಹಿಡಿದು ಜಗ್ಗಲು ನಿಲ್ಲಿಸಿದರು. ಹೆಂಗಸರಿಬ್ಬರು ಹರಿದ ಎಳೆಗಳನ್ನು ಬೆರಳಲ್ಲಿ ಹೊಸೆದು ಕೂಡಿಸಿದರು. ನಾನು ಸುಮಾರು ಒಂದು ತಾಸು ಜಗ್ಗಿದೆ. ಚಹ ಅಲ್ಲಿಗೇ ಬಂತು, ಬೈಗುಳದ ಜೊತೆಗೆ.

ಹಾಸು ಸುತ್ತಿ ಒಳಗೆ ಒಯ್ದ ಮೇಲೆ ನಾನು ಓಣಿಯನ್ನು ಹೆಜ್ಜೆಯಿಂದ ಅಳೆದೆ. ಉದ್ದ, ಸಮತಟ್ಟು, ಒಂದು ಹರಳಿಲ್ಲದಂತೆ ಗುಡಿಸಿದ್ದು. ಗೂಟಗಳು ಬೇರೆ ತಯಾರಾಗಿ ನಿಂತಿದ್ದವು. ಇಂಥ ಅಂಗಳ ಧಾರವಾಡದಲ್ಲೂ ಇರಲಿಲ್ಲ. ಬ್ಯಾಟು ಹೊರಗೆ ತೆಗೆದೆ. ಈರಪ್ಪನ ಮಗ ಗುರುಪಾದ ಮತ್ತು ಅವನ ಮೂವರು ಅಣ್ಣತಮ್ಮಂದಿರು ಸುತ್ತ ಕೂಡಿದರು. ಎರಡು ಗೂಟಗಳನ್ನು ಕಿತ್ತು ಓಣಿಗೆ ಅಡ್ಡಲಾಗಿ ನೆಟ್ಟು ಹಗ್ಗ ಕಟ್ಟಿದೆವು. ಇದ್ದವು ಎರಡೇ ಬ್ಯಾಟು, ಸರದಿಯ ಮೇಲೆ ಆಡಿದೆವು.

ಎಡಕ್ಕೆ ಹಾಕಿದ ಚೆಂಡನ್ನು ಹೊಸಬ ಎತ್ತಲಾರ ಎಂಬುದು ನನ್ನ ಹಳೆಯ ಉಪಾಯ. ಗುರುಪಾದನಿಗೆ ಹಾಗೇ ಹಾಕಿದೆ. ಆತ ಬ್ಯಾಟನ್ನು ಎಡಗೈಗೆ ದಾಟಿಸಿ ಹೊಡೆದ. ಬಲಕ್ಕೆ ಹಾಕಿದೆ, ಬಲಗೈಗೆ ಬಂತು. ಹುಟ್ಟಿದಾಗಿನಿಂದ ಒಂದು ಕೈಯಿಂದ ಮಗ್ಗದ ಲಾಳಿ ಎಸೆದು ಇನ್ನೊಂದರಲ್ಲಿ ಹಿಡಿಯುವವರು ಅವರು. ಅವರಿಗೆ ಎಡಗೈ ಬಲಗೈ ಎಂಬ ಭೇದವೇ ಇಲ್ಲ. ಅರ್ಧ ತಾಸಿನಲ್ಲಿ ನಾನು ಸೋತೆ. ಸೋತು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಈರಪ್ಪ ಊಟಕ್ಕೆ ಕೂಡಿಸಿದರು: ಸಜ್ಜೆ ರೊಟ್ಟಿ, ಬದನೆ ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಪ್ರತಿ ರವಿವಾರ ಬಂದರೆ ಆಡುತ್ತೀರಾ ಎಂದು ಕೇಳಿದೆ. ನಾಲ್ವರೂ ಹಿರಿಯರ ಮುಖ ನೋಡಿದರು.

“ಐತವಾರ ನಿಮಗ ಸೂಟಿರಿ, ಮಗ್ಗಕ್ಕಲ್ಲ,” ಅಂದರು ಈರಪ್ಪ. “ನಮ್ಮ ಸೂಟಿ ಅಂದ್ರ ಅಮಾಸಿ.”

ತಿಂಗಳಿಗೊಮ್ಮೆ! ಅದೂ ನನಗೆ ಕಚೇರಿ ಇರುವ ದಿನ ಬಂದರೆ? ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂದುಕೊಂಡೆ. ಮುಚ್ಚಿಡದೆ ಎಲ್ಲ ಹೇಳಿಬಿಟ್ಟೆ: ಸಾಹೇಬರಿಗೆ ನಾಳೆ ಕೊಡಬೇಕಾದ ಉತ್ತರ, ಶಾಂತಾಳ ಮಾತು, ಹಿತ್ತಲಗೋಡೆ ಎಲ್ಲ.

ಈರಪ್ಪ ತಾಟಿನಲ್ಲಿ ಕೈ ತೊಳೆದರು.

“ಇವತ್ತ ಹಾಸು ಲಗೂ ಎದ್ದದ್ದು ಯಾಕ, ಗೊತ್ತೈತೇನು? ಒಂದು ಕೈ ಹೆಚ್ಚಿತ್ತು. ಐತವಾರಕ್ಕೊಮ್ಮೆ ಹಾಸು ಹಾಕತೀವಿ. ಹೊತ್ತ ಏರೂದ್ರಾಗ ಬಂದು ತುದಿ ಹಿಡೀರಿ. ನೀವು ಉಳಿಸಿದ ತಾಸು ನಿಮ್ಮದು.”

ನಾನು ತಾಟಿನ ಮುಂದೆ ಕೂತಲ್ಲೇ ಕೈಮುಗಿದೆ. ಹುಡುಗರು ನಕ್ಕರು.

ಮಧ್ಯಾಹ್ನ ಜಮಖಂಡಿಯ ಬಸ್ಸಿನ ತನಕ ಈರಪ್ಪ ಜೊತೆಗೆ ಬಂದರು. ಬಸ್ಸು ಹತ್ತಿ ಕಿಟಕಿಯಿಂದ, “ಇಲ್ಲೇ ಕಾಯಂ ಇರತೀನಿ ಅಂತ ನಾಳೆ ಸಾಹೇಬ್ರಿಗೆ ಹೇಳತೀನ್ರಿ,” ಅಂದೆ. ಅವರು ಹಿಗ್ಗಿಯಾರು ಎಂದುಕೊಂಡಿದ್ದೆ.

“ಸಾಹೇಬ್ರಿಗೆ ಏನರ ಹೇಳ್ರಿ. ತಡಾ ಮಾತ್ರ ಮಾಡಬ್ಯಾಡ್ರಿ,” ಅಂದರು. “ತುದಿಗೆ ಬ್ಯಾರೆದವರನ್ನ ನಿಲ್ಲಸೂದಿಲ್ಲ. ನಿಮ್ಮ ಜಾಗಾ ಹಂಗ ಬಿಟ್ಟಿರತೀವಿ.”

ಬಸ್ಸು ಹೊರಟಿತು. ತಿರುಗಿ ನೋಡಿದರೆ ಅವರಾಗಲೇ ಬೆನ್ನು ಮಾಡಿ, ಮಗ್ಗ ಕಾಯುತ್ತಿದೆಯೆಂಬಂತೆ ಓಣಿಯ ಕಡೆ ದಡದಡ ನಡೆದಿದ್ದರು.