ಅತ್ತೆ ಹಾಕಿದ ಟಿಕ್ಕುಗಳು

ನನ್ನ ಮನಸ್ಸು ನೆಟ್ಟಗಿದೆಯೋ ಇಲ್ಲವೋ ಎಂದು ತೀರ್ಮಾನಿಸಿದವರು ನನ್ನ ಅತ್ತೆ. ಅದಕ್ಕೆ ಆಸ್ಪತ್ರೆಯ ಮುದ್ರೆಯೂ ಬಿತ್ತು.

ಮೈಸೂರಿನ ತವರಿನಲ್ಲಿ ಬಾಣಂತನ ಮುಗಿಸಿ, ಮಗಳನ್ನೆತ್ತಿಕೊಂಡು ತಮಿಳು ಸೀಮೆಯ ಗಂಡನ ಮನೆಗೆ, ತ್ರಿಪ್ಲಿಕೇನಿಗೆ, ಮರಳಿದ್ದೆ. ನಿದ್ದೆ ಹತ್ತುತ್ತಿರಲಿಲ್ಲ. ಮಗು ಅತ್ತರೆ ಎತ್ತಿಕೊಳ್ಳಬೇಕೆಂದೂ ಅನ್ನಿಸುತ್ತಿರಲಿಲ್ಲ. ಸತ್ತರೆ ಸಾಕು ಎಂಬ ಯೋಚನೆ ಹಾಲು ಕಾಯಿಸುವಾಗಲೂ ಬರತೊಡಗಿದಾಗ ಹೆದರಿ, ಮನೋವೈದ್ಯರಿಗೆ ತೋರಿಸಿ ಎಂದು ಗಂಡನನ್ನು ಕಾಡಿದೆ. ಅವರಿಗೆ ರಜೆ ಸಿಗಲಿಲ್ಲ. ಅತ್ತೆ ಜೊತೆಗೆ ಬಂದರು.

ಅಲ್ಲಿ ಡಾಕ್ಟರಿಗಿಂತ ಮೊದಲು ಒಂದು ಪ್ರಶ್ನಾವಳಿ. ನಮ್ಮ ಮನಸ್ಸನ್ನು ನಾವೇ ಅಳೆದು ಟಿಕ್ ಹಾಕಬೇಕಂತೆ. ಅಂಕ ನೋಡಿ ಯಾರಿಗೆ ಡಾಕ್ಟರು ಬೇಕೆಂದು ಹೇಳುತ್ತಾರಂತೆ. ಇಂಗ್ಲಿಷಿನದು ಮುಗಿದಿದೆ ಎಂದು ನರ್ಸ್ ತಮಿಳಿನದನ್ನೇ ಕೊಟ್ಟಳು. ನನಗೆ ತಮಿಳು ಓದಲು ಬಾರದು.

"ಕೊಡಮ್ಮಾ, ನಾನ್ ಓದಿ ಹೇಳ್ತೀನಿ," ಎಂದು ಅತ್ತೆ ಕನ್ನಡಕ ಏರಿಸಿ ಪೆನ್ನನ್ನೂ ತಾವೇ ಹಿಡಿದುಕೊಂಡರು.

ಅತ್ತೆ ಕೆಟ್ಟವರಲ್ಲ, ಅದೇ ನನ್ನ ದುರದೃಷ್ಟ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಅವರ ಮನೆಯಲ್ಲಿ ಅಶುಭವನ್ನು ಬಾಯಿಬಿಟ್ಟು ಆಡುವ ಪದ್ಧತಿಯೇ ಇಲ್ಲ. ಅಕ್ಕಿ ಮುಗಿದರೆ ತುಂಬಿದೆ ಎನ್ನಬೇಕು, ಬಳೆ ಒಡೆದರೆ ಹೆಚ್ಚಿತು ಎನ್ನಬೇಕು. ಕೆಟ್ಟದ್ದು ನುಡಿದರೆ ಅಸ್ತು ದೇವತೆಗಳು ಮೇಲಿನಿಂದ "ಅಸ್ತು" ಎಂದುಬಿಡುತ್ತಾರಂತೆ. ಅಂಥವರ ಕೈಯಲ್ಲಿ ನನ್ನ ಪ್ರಶ್ನಾವಳಿ!

"ಹೋದ ವಾರ ನೆಮ್ಮದಿಯಾಗಿ ಇದ್ಯಾ ಅಂತ ಕೇಳಿದಾರೆ. ಇದ್ದೆ ತಾನೇ? ನಿಮ್ಮಣ್ಣ ಫೋನ್ ಮಾಡ್ದಾಗ ನಕ್ಕೆಯಲ್ಲ."

"ಇಲ್ಲ ಅತ್ತೆ, ನಾನು..."

"ಸುಮ್ಮಾ ಇರು. ಇಲ್ಲ ಅಂತ ಬರೆದುಕೊಟ್ರೆ ನಿಜ ಆಗ್ಬಿಡತ್ತೆ."

ಹೀಗೇ ಸಾಗಿತು. ಕೊನೆಯ ಪ್ರಶ್ನೆಯನ್ನು ಮಾತ್ರ ಅವರು ಮನಸ್ಸಿನಲ್ಲೇ ಓದಿಕೊಂಡರು.

"ಥೂ, ಬಾಣಂತಿ ಹತ್ರ ಸಾಯೋ ಮಾತು ಕೇಳ್ತಾರಲ್ಲಾ!" ಎಂದು 'ಎಂದೂ ಇಲ್ಲ' ಎಂಬಲ್ಲಿ ಟಿಕ್ ಒತ್ತಿದರು.

ಆ ಒಂದು ಪ್ರಶ್ನೆಗೆ ಉತ್ತರ ಹೇಳಲೆಂದೇ ನಾನು ಬಂದಿದ್ದೆ. ನರ್ಸಿನ ಕಡೆ ತಿರುಗಿ ಬಾಯಿ ತೆರೆದೆ. ನನ್ನ ಹರಕು ತಮಿಳಿನಲ್ಲಿ ತರಕಾರಿ ಕೊಳ್ಳಬಹುದು; ಇದಕ್ಕೆ ಮಾತು ಸಿಗಲಿಲ್ಲ. ಆಕೆ ಕೂಡಿಸಿ ನೋಡಿ, "ಎಲ್ಲಾಂ ನಾರ್ಮಲ್ ಮಾ," ಎಂದಳು. ಡಾಕ್ಟರು ಬೇಡವಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ! ಪೆನ್ನು ಯಾರ ಕೈಯಲ್ಲಿತ್ತೆಂದು ಕೂಡ ಅವಳು ಕೇಳಲಿಲ್ಲ. ನನಗೆ ಈಗಲೂ ಮೈ ಉರಿಯುತ್ತದೆ.

ಗಂಡನಿಗಂತೂ ನಿರಾಳ. ಫೋನಿನಲ್ಲಿ, "ನಾರ್ಮಲ್ ಅಂದ್ರಲ್ಲ, ಇನ್ನೇನ್ ನಿನ್ ರಗಳೆ?" ಎಂದರು.

ಮನೆಗೆ ಬಂದೊಡನೆ, ಸೊಸೆಗೆ ಆಸ್ಪತ್ರೆಯವರ ಕಣ್ಣು ತಾಗಿರುತ್ತದೆಂದು ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಗ್ಯಾಸ್ ಒಲೆಯ ಮೇಲೆ ಸುಟ್ಟರು.

"ಘಾಟೇ ಬರಲಿಲ್ಲ ನೋಡು, ಎಷ್ಟು ದೃಷ್ಟಿ ಆಗಿತ್ತು!"

"ಅತ್ತೆ, ನಂಗೆ ಸತ್ತುಹೋಗ್ಬೇಕು ಅನ್ಸತ್ತೆ," ಎಂದೆ. ಅಷ್ಟು ಸ್ಪಷ್ಟವಾಗಿ ನಾನು ಅದನ್ನು ಯಾರಿಗೂ ಹೇಳಿರಲಿಲ್ಲ.

ಅವರು ದೇವರ ಮನೆಯ ಕಡೆ ನೋಡಿ ಕೆನ್ನೆ ಬಡಿದುಕೊಂಡರು.

"ದೀಪ ಹಚ್ಚೋ ಹೊತ್ತಲ್ಲಿ ಇದೇನ್ ಮಾತು? ಹೋಗು, ಬಾಯಿ ತೊಳ್ಕೊಂಡ್ ಬಾ."

ಹೋಗಿ ತೊಳೆದುಕೊಂಡೆ.